ಕಂಠಪೂರ್ತಿ ತುಂಬಬೇಕಾದದ್ದು ಬಾಟಲಿ

ಪ್ರಶ್ನೆ: ನಾನು ಮತ್ತು ನನ್ನ ಪತಿ ಶನಿವಾರ ರಾತ್ರಿ ಊಟದ ಜೊತೆ ಒಂದೊಂದು ಗ್ಲಾಸ್ ಕೆಂಪು ವೈನ್ ಕುಡಿಯುತ್ತೇವೆ. ಉಳಿದದ್ದಕ್ಕೆ ಕಾರ್ಕ್ ಒತ್ತಿ ಅಡುಗೆಮನೆಯ ಕಪಾಟಿನಲ್ಲಿಟ್ಟರೆ ಮುಂದಿನ ಶನಿವಾರಕ್ಕೆ ಹುಳಿಯಾಗಿರುತ್ತದೆ. ಗಾಳಿ ಹೊರತೆಗೆಯುವ ಕೈಪಂಪ್ ಕೊಂಡರೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಕೆಂಪು ವೈನನ್ನು ಫ್ರಿಜ್ಜಿನಲ್ಲಿಡಬಾರದು ಎನ್ನುತ್ತಾರೆ. ಹಾಗಾದರೆ ಏನು ಮಾಡಬೇಕು? ಕೆಟ್ಟ ವೈನ್ ಕುಡಿದರೆ ಅಪಾಯವೇ?
– ಓದುಗರು, ಬೆಂಗಳೂರು

ಉತ್ತರ: ಮೊದಲು ಕಪಾಟಿನ ವಿಚಾರ. ಬೆಂಗಳೂರಿನ ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನದ ಉಷ್ಣಾಂಶ 34–35 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ, ಒಲೆಯ ಪಕ್ಕದ ಕಪಾಟು ಅದಕ್ಕಿಂತ ತಂಪಾಗಿರುವುದಿಲ್ಲ. ಉಷ್ಣಾಂಶ 10 ಡಿಗ್ರಿ ಇಳಿದರೆ ಇಂಥ ರಾಸಾಯನಿಕ ಕ್ರಿಯೆಗಳ ವೇಗ ಸರಿಸುಮಾರು ಅರ್ಧಕ್ಕಿಳಿಯುತ್ತದೆ ಎಂಬ ಸ್ಥೂಲ ಲೆಕ್ಕ ಹಿಡಿದರೆ, 5 ಡಿಗ್ರಿಯ ಫ್ರಿಜ್ಜಿನಲ್ಲಿ ವೈನ್ ಕೆಡುವ ವೇಗ ನಿಮ್ಮ ಕಪಾಟಿನಲ್ಲಿ ಕೆಡುವ ವೇಗದ ಎಂಟನೆಯ ಒಂದು ಭಾಗದಷ್ಟಾಗುತ್ತದೆ. ಕೆಂಪು ವೈನನ್ನು ತಣ್ಣಗೆ ಕುಡಿಯಬಾರದು ಎಂಬ ಮಾತು ಬಾಯಿಂದ ಬಾಯಿಗೆ ಹೋಗುವಾಗ ತಣ್ಣಗೆ ಇಡಲೇಬಾರದು ಎಂದಾಗಿಬಿಟ್ಟಿದೆ. ಧಾರಾಳವಾಗಿ ಫ್ರಿಜ್ಜಿನಲ್ಲಿಡಿ. ಕುಡಿಯುವ ಅರ್ಧ ಗಂಟೆ ಮುಂಚೆ ಹೊರಗೆ ತೆಗೆದಿಟ್ಟರಾಯಿತು.

ಆದರೆ ಫ್ರಿಜ್ಜೊಂದೇ ವಾರಪೂರ್ತಿ ಕಾಯಲಾರದು, ಏಕೆಂದರೆ ಮೂಲ ಶತ್ರು ಬಾಟಲಿಯೊಳಗೇ ಉಳಿದಿರುತ್ತದೆ. 750 ಮಿ.ಲೀ. ಬಾಟಲಿಯಲ್ಲಿ ಅರ್ಧ ಖಾಲಿಯಾದರೆ ಆ ಜಾಗಕ್ಕೆ 375 ಮಿ.ಲೀ. ಗಾಳಿ ಬಂದು ಕೂರುತ್ತದೆ ಮತ್ತು ಅದರಲ್ಲಿ ಸುಮಾರು 79 ಮಿ.ಲೀ. ಆಮ್ಲಜನಕವಿರುತ್ತದೆ. ಅದು ಮೊದಲು ಹಣ್ಣಿನ ಪರಿಮಳವನ್ನು ಮಂಕಾಗಿಸಿ, ಬಳಿಕ ಮದ್ಯಸಾರವನ್ನು ಅಸಿಟಾಲ್ಡಿಹೈಡ್ ಆಗಿ ಮಾರ್ಪಡಿಸುತ್ತದೆ. ಕತ್ತರಿಸಿಟ್ಟು ಕಂದಿದ ಸೇಬಿನ ವಾಸನೆ ಬಂದರೆ ಕಾರಣ ಇದೇ. ಗಾಳಿ ಸಿಕ್ಕರೆ ಅಸಿಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯವೂ ಕೆಲಸ ಶುರುಮಾಡಿ ಮದ್ಯಸಾರವನ್ನು ವಿನೆಗರ್ ಮಾಡುತ್ತದೆ.

ನಿಮ್ಮ ಪಂಪ್ ಸೋತದ್ದು ಇಲ್ಲಿಯೇ. ಕೈಯಿಂದ ಎಳೆಯುವ ಪಂಪ್ ಗಾಳಿಯನ್ನು ಪೂರ್ತಿ ತೆಗೆಯಲಾರದು, ರಬ್ಬರ್ ಬಿರಡೆ ದಿನಕಳೆದಂತೆ ಸಡಿಲಗೊಳ್ಳುತ್ತದೆ, ಮೇಲಾಗಿ ನೀವು ಗ್ಲಾಸಿಗೆ ಬಗ್ಗಿಸುವಾಗಲೇ ವೈನಿನಲ್ಲಿ ಕರಗಿದ ಆಮ್ಲಜನಕ ಅದರ ಕೈಗೆ ಸಿಗುವುದೂ ಇಲ್ಲ. ಎರಡು-ಮೂರು ದಿನಕ್ಕೆ ಪರವಾಗಿಲ್ಲ, ಏಳು ದಿನಕ್ಕೆ ನೆಚ್ಚಲಾಗದು.

ನಾನು ಹೇಳುವ ಉಪಾಯಕ್ಕೆ ಖರ್ಚೇ ಇಲ್ಲ. ವೈನಂಗಡಿಯಲ್ಲಿ ‘ಹಾಫ್’ ಎನ್ನುವ 375 ಮಿ.ಲೀ. ಗಾಜಿನ ಬಾಟಲಿ, ತಿರುಪಿನ ಮುಚ್ಚಳ ಗಟ್ಟಿಯಾಗಿರುವಂಥದ್ದು, ಒಂದನ್ನು ಸಂಪಾದಿಸಿ. (ಮರುತುಂಬದಂತೆ ಬಾಯಲ್ಲಿ ಪ್ಲಾಸ್ಟಿಕ್ ತಡೆ ಕೂರಿಸಿರುವ ಬಾಟಲಿ ಆಗದು.) ಹಳೆಯ ವಿಸ್ಕಿಯ ವಾಸನೆ ಹೋಗುವವರೆಗೆ ಬಿಸಿನೀರಿನಲ್ಲಿ ತೊಳೆದು, ಬೋರಲು ಹಾಕಿ ಒಣಗಿಸಿ. ಶನಿವಾರ ದೊಡ್ಡ ಬಾಟಲಿಯ ಕಾರ್ಕ್ ತೆಗೆದೊಡನೆ, ನಿಮ್ಮ ಗ್ಲಾಸಿಗೆ ಒಂದು ಹನಿ ಹಾಕುವುದಕ್ಕೂ ಮುಂಚೆ, ಚಿಕ್ಕ ಬಾಟಲಿಯನ್ನು ಓರೆಯಾಗಿ ಹಿಡಿದು ವೈನ್ ಒಳಗೋಡೆಗುಂಟ ಸದ್ದಿಲ್ಲದೆ ಇಳಿಯುವಂತೆ ಬಗ್ಗಿಸಿ. ಕತ್ತಿನ ಬಳಿ ಬಂದಾಗ ನೆಟ್ಟಗೆ ಮಾಡಿ, ಮುಚ್ಚಳ ತಿರುಗಿಸುವಾಗ ಒಂದೆರಡು ಹನಿ ಹೊರಚೆಲ್ಲುವಷ್ಟು ತುಂಬಿ. ‘ಕಂಠಪೂರ್ತಿ’ ಎಂಬ ಮಾತನ್ನು ನಮ್ಮಲ್ಲಿ ಕುಡಿಯುವವರಿಗೆ ಅನ್ವಯಿಸುವುದೇ ರೂಢಿಯಾದರೂ ವೈನ್ ಕಾಪಾಡುವಲ್ಲಿ ಅದು ಬಾಟಲಿಗೆ ಸಲ್ಲಬೇಕಾದ ಮಾತು. ಹೀಗೆ ತುಂಬಿ ಫ್ರಿಜ್ಜಿನಲ್ಲಿ ನೆಟ್ಟಗೆ ನಿಲ್ಲಿಸಿದ ವೈನ್ ಒಂದು ವಾರ ನಿರಾಳವಾಗಿ ಇರುತ್ತದೆ. ದೊಡ್ಡ ಬಾಟಲಿಯಲ್ಲಿ ಉಳಿದದ್ದು ನಿಮ್ಮಿಬ್ಬರ ಎರಡು ಗ್ಲಾಸಿಗೆ ಸಾಲುತ್ತದೆ. ಊಟ ಮುಗಿದ ಮೇಲೆ ನೋಡೋಣ ಎಂದು ಬಿಟ್ಟರೆ ಉಪಾಯದ ಅರ್ಧ ಬಲ ಹೋದಂತೆ. ಒಬ್ಬರೇ ಕುಡಿಯುವವರಾದರೆ 180 ಮಿ.ಲೀ. ‘ಕ್ವಾರ್ಟರ್’ ಬಾಟಲಿಗಳನ್ನು ಇದೇ ರೀತಿ ಬಳಸಬಹುದು.

ಕಾರ್ಕಿನ ಮೂಲಕ ಸೂಜಿ ತೂರಿಸಿ, ಒಳಕ್ಕೆ ಆರ್ಗಾನ್ ಅನಿಲ ಬಿಟ್ಟು, ಬಾಟಲಿ ತೆರೆಯದೆಯೇ ವೈನ್ ಬಗ್ಗಿಸಿಕೊಳ್ಳುವ ಕೋರವಿನ್ ಎಂಬ ಸಾಧನವನ್ನು ಅಮೆರಿಕದ ಗ್ರೆಗ್ ಲ್ಯಾಂಬ್ರೆಕ್ಟ್ 2013ರಲ್ಲಿ ಮಾರುಕಟ್ಟೆಗೆ ತಂದರು. ಆರ್ಗಾನ್ ವೈನಿನೊಂದಿಗೆ ಯಾವ ಕ್ರಿಯೆಯನ್ನೂ ನಡೆಸುವುದಿಲ್ಲ, ಸೂಜಿ ಹೊರತೆಗೆದ ಮೇಲೆ ನಿಜವಾದ ಕಾರ್ಕ್ ತಾನೇ ಮುಚ್ಚಿಕೊಳ್ಳುತ್ತದೆ. ಪ್ಲಾಸ್ಟಿಕ್ ಕಾರ್ಕಿಗೆ ಆ ಗುಣವಿಲ್ಲ. ದುಬಾರಿ ಬಾಟಲಿಯನ್ನು ತಿಂಗಳುಗಟ್ಟಲೆ ಸವಿಯುವವರಿಗೆ ಇದು ಸರಿ. ವಾರಕ್ಕೆ ಎರಡು ಗ್ಲಾಸಿಗಾಗಿ ಇದನ್ನು ಕೊಳ್ಳಿರೆಂದು ನಾನಂತೂ ಹೇಳಲಾರೆ.

ಸಿಹಿ ವೈನ್ ಬಹುಕಾಲ ಬರುತ್ತದೆಂಬ ನಂಬಿಕೆಯ ಬಗ್ಗೆಯೂ ಎಚ್ಚರವಿರಲಿ. ಪೋರ್ಚುಗಲ್ಲಿನ ಪೋರ್ಟ್ ವೈನಿಗೆ ದ್ರಾಕ್ಷಿಯ ಸ್ಪಿರಿಟ್ ಬೆರೆಸಿರುವುದರಿಂದ ಮದ್ಯಾಂಶ ಸಾಮಾನ್ಯವಾಗಿ 19ರಿಂದ 22 ಶೇಕಡಾ ಇರುತ್ತದೆ, ಆದ್ದರಿಂದಲೇ ಅದರ ಕೆಲವು ಬಗೆಗಳು ತೆರೆದ ಮೇಲೂ ವಾರಗಟ್ಟಲೆ ಉಳಿಯುತ್ತವೆ. ನಮ್ಮಲ್ಲಿ ‘ಪೋರ್ಟ್’ ಎಂದು ಮಾರುವ ಬಾಟಲಿಯ ಲೇಬಲ್ಲಿನಲ್ಲಿ ಮದ್ಯಾಂಶ ಅದಕ್ಕಿಂತ ಕಡಿಮೆ ಇದ್ದರೆ, ಉಳಿದ ವೈನಿನಂತೆಯೇ ಅದನ್ನೂ ಕಾಪಾಡಿ. ನೊರೆಯುಕ್ಕುವ ವೈನಿಗೆ ಪಂಪ್ ಬಳಸಲೇಬೇಡಿ, ಗುಳ್ಳೆಗಳೇ ಹೋಗುತ್ತವೆ. ಬಾಟಲಿಯ ಬಾಯಿಗೆ ಚಮಚ ಸಿಕ್ಕಿಸುವುದರಿಂದಲೂ ಏನೂ ಆಗದು, ಕತ್ತನ್ನು ಕಚ್ಚಿ ಹಿಡಿಯುವ ಬಿಗಿ ಬಿರಡೆ ಬೇಕು.

ಹುಳಿಯಾದ ವೈನಿನಿಂದ ವಿಷವೇನೂ ಏರುವುದಿಲ್ಲ, ರುಚಿ ಕೆಟ್ಟಿರುತ್ತದೆ ಅಷ್ಟೇ. ಉಗುರುಬಣ್ಣದಂಥ ವಾಸನೆ ಬಂದರೆ ಸಿಂಕಿಗೆ ಸುರಿದುಬಿಡಿ, ಅಡುಗೆಗೂ ಅದು ಬೇಡ. ಬರೀ ಮಂಕಾಗಿದ್ದರೆ ಐಸ್ ಟ್ರೇಗೆ ಹಾಕಿ ಫ್ರೀಜರಿನಲ್ಲಿಡಿ. ಮದ್ಯಸಾರವಿರುವುದರಿಂದ ಆ ಗಡ್ಡೆಗಳು ನೀರಿನ ಐಸಿನಷ್ಟು ಗಟ್ಟಿಯಾಗುವುದಿಲ್ಲ, ಆದರೆ ಮಟನ್ ಬೇಯಿಸುವಾಗ ನಾಲ್ಕೈದು ಗಡ್ಡೆ ಹಾಕಲು ಅಷ್ಟು ಸಾಕು.