ಹಳೆಯ ಪವರ್‌ಬೋಟು: ಕೊಳ್ಳುವ ಮುನ್ನ ಏನೇನು ನೋಡಬೇಕು?

ಪ್ರಶ್ನೆ: ಹದಿನೈದು ವರ್ಷ ಹಳೆಯ, 32 ಅಡಿಯ ಆಫ್‌ಶೋರ್ ಪವರ್‌ಬೋಟೊಂದು ಮಾರಾಟಕ್ಕಿದೆ. ತಲಾ 500 ಕುದುರೆಶಕ್ತಿಯ ಎರಡು ಪೆಟ್ರೋಲ್ ಎಂಜಿನ್, ಸ್ಟರ್ನ್‌ಡ್ರೈವ್ (ಎಂಜಿನ್ ಒಳಗೆ, ಪ್ರೊಪೆಲ್ಲರ್ ತಿರುಗಿಸುವ ಗೇರಿನ ಭಾಗ ಹಿಂಬದಿಯ ಹೊರಗೆ). ಮೀಟರ್ 190 ಗಂಟೆ ಮಾತ್ರ ತೋರಿಸುತ್ತಿದೆ. ಹೊಸದರ ಬೆಲೆಯ ಕಾಲುಭಾಗ ಹೇಳುತ್ತಿದ್ದಾರೆ. ಕೊಳ್ಳಬಹುದೇ?

ಉತ್ತರ: ಬೆಲೆ ಇಳಿದ ನಷ್ಟವನ್ನೆಲ್ಲ ಮೊದಲ ಮಾಲೀಕರೇ ಹೊತ್ತಾಗಿದೆ, ಅದು ನಿಮಗೆ ಲಾಭ. ಸರಿಯಾಗಿ ಕಟ್ಟಿದ ಫೈಬರ್‌ಗ್ಲಾಸ್ ಒಡಲು ದಶಕಗಟ್ಟಲೆ ಬಾಳುತ್ತದೆ. ಇಂಥ ಬೋಟುಗಳಿಗೆ ಸಾಮಾನ್ಯವಾಗಿರುವ, ಹಿಂಬದಿಯಲ್ಲಿ ಸುಮಾರು 24 ಡಿಗ್ರಿ ಇಳಿಜಾರಿನ ‘ಡೀಪ್ ವಿ’ ತಳ 1960ರ ದಶಕದಲ್ಲೇ ಚಾಲ್ತಿಗೆ ಬಂದದ್ದು, ಅಲೆಗಳನ್ನು ಸೀಳಿಕೊಂಡು ಹೋಗುವ ಆ ಗುಣ ಹದಿನೈದು ವರ್ಷಕ್ಕೆ ಹಳತಾಗುವುದಿಲ್ಲ. ಆದರೆ ಇದೇ ತಳ ನಿಂತಲ್ಲಿ ಹೆಚ್ಚು ಓಲಾಡುತ್ತದೆ, ನೀರಿನ ಮೇಲಕ್ಕೇಳಲು ಹೆಚ್ಚು ಶಕ್ತಿ ಕೇಳುತ್ತದೆ. ನೀವು ಹೆಚ್ಚಾಗಿ ಶಾಂತ ನೀರಿನಲ್ಲೇ ಸುತ್ತುವವರಾದರೆ ಈ ಬೋಟು ಬೇಡ.

ಖರ್ಚಿಗೆ ಮಾತ್ರ ವಯಸ್ಸಾಗುವುದಿಲ್ಲ. ಪೂರ್ತಿ ವೇಗದಲ್ಲಿ ಪೆಟ್ರೋಲ್ ಎಂಜಿನ್ ಪ್ರತಿ 100 ಕುದುರೆಶಕ್ತಿಗೆ ಗಂಟೆಗೆ ಸುಮಾರು 38 ಲೀಟರ್ ಕುಡಿಯುತ್ತದೆ. ನೀವು ಹೇಳಿದ ಜೋಡಿಗೆ ಗಂಟೆಗೆ 380 ಲೀಟರ್. ಎರಡು ಎಂಜಿನ್ ಎಂದರೆ ಪಂಪು, ಡ್ರೈವ್, ಎಣ್ಣೆ ಎಲ್ಲವೂ ಎರಡೆರಡು.

ಇನ್ನು ಆ 190 ಗಂಟೆ. ಮಾರುವವರು ಅದನ್ನೇ ದೊಡ್ಡದಾಗಿ ಹೇಳುತ್ತಾರೆ. ವರ್ಷಕ್ಕೆ ಹನ್ನೆರಡು ಹದಿಮೂರು ಗಂಟೆ ಓಡಿದ ಬೋಟು ಉಳಿದ ಕಾಲವೆಲ್ಲ ನಿಂತಿತ್ತು. ನಿಂತಲ್ಲೇ ಸೀಲುಗಳು ಒಣಗಿ ಬಿರಿಯುತ್ತವೆ, ಟ್ಯಾಂಕಿನಲ್ಲಿ ಪೆಟ್ರೋಲ್ ಕೆಡುತ್ತದೆ, ಉಪ್ಪುನೀರು ಹಾದ ಲೋಹ ಒಳಗೊಳಗೇ ತಿನ್ನಿಸಿಕೊಳ್ಳುತ್ತದೆ. ಪ್ರತಿ ಸರ್ವೀಸಿನ ರಸೀದಿ ಇರುವ 500 ಗಂಟೆಯ ಬೋಟು ಎಷ್ಟೋ ಮೇಲು. ಹಾಗೆಂದು ಗಂಟೆಗೆ ಬೆಲೆಯೇ ಇಲ್ಲ ಎಂದಲ್ಲ: ಹೆಚ್ಚು ಶಕ್ತಿ ಹೊರಡಿಸುವಂತೆ ಮಾಡಿದ ಇಂಥ ಎಂಜಿನ್ನುಗಳನ್ನು ಕೆಲವು ನೂರು ಗಂಟೆಗೇ ಬಿಚ್ಚಿ ಕಟ್ಟಬೇಕಾಗುತ್ತದೆ. ಮೀಟರನ್ನು ನಂಬಬೇಡಿ. ಎಂಜಿನ್ ಕಂಪ್ಯೂಟರಿಗೆ ಉಪಕರಣ ಜೋಡಿಸಿ, ಯಾವ ಆರ್‌ಪಿಎಮ್‌ನಲ್ಲಿ ಎಷ್ಟು ಗಂಟೆ ಓಡಿದೆ ಎಂಬ ದಾಖಲೆ ಸಿಗುತ್ತದೆಯೇ ನೋಡಿಸಿ.

ಇಷ್ಟಾದ ಮೇಲೂ ಮನಸ್ಸಿದ್ದರೆ, ಖರೀದಿ ಬೆಲೆಯ ಐದರಲ್ಲೊಂದು ಭಾಗವನ್ನು ಮೊದಲ ವರ್ಷದ ರಿಪೇರಿಗೆಂದು ಬೇರೆ ತೆಗೆದಿಡಿ. ಅದು ಕೈಯಲ್ಲಿಲ್ಲದಿದ್ದರೆ ಈ ಬೋಟು ಅಗ್ಗವಲ್ಲ.

ಪ್ರಶ್ನೆ: ಬೋಟು ಪರೀಕ್ಷಿಸಿ ವರದಿ ಕೊಡುವ ಸರ್ವೇಯರ್‌ಗೆ ದುಡ್ಡು ಕೊಡುವ ಮೊದಲು ನಾವೇ ಏನನ್ನು ಪರೀಕ್ಷಿಸಬಹುದು?

ಉತ್ತರ: ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರ್ ಸಾಕು. ಡೆಕ್ಕಿನ ಮೇಲೆ ಅಂಗುಲ ಅಂಗುಲಕ್ಕೆ ಹಿಡಿಯಿಂದ ಬಡಿಯುತ್ತ ಹೋಗಿ. ಗಟ್ಟಿ ಜಾಗ ‘ಟಕ್’ ಎನ್ನುತ್ತದೆ. ಒಳಗಿನ ಬಾಲ್ಸಾ ಮರ ನೀರು ಕುಡಿದಿದ್ದರೆ ಅಥವಾ ಪದರ ಬಿಟ್ಟಿದ್ದರೆ ದನಿ ಮಂದವಾಗುತ್ತದೆ. ಕಂಬಿ, ಹಗ್ಗ ಕಟ್ಟುವ ಕ್ಲೀಟು, ಮುಚ್ಚಳದ ಹ್ಯಾಚುಗಳ ಸುತ್ತ ಹೆಚ್ಚು ಗಮನವಿರಲಿ, ನೀರು ಒಳನುಗ್ಗುವುದು ಸ್ಕ್ರೂ ತೂತುಗಳಿಂದಲೇ. ಟ್ರಾನ್ಸಮ್ ಎನ್ನುವ ಹಿಂಬದಿಯ ಗೋಡೆಯಲ್ಲಿ ಡ್ರೈವ್ ಕೂರುವ ಕಿಂಡಿಯ ಮೂಲೆಗಳಿಂದ ಬಿರುಕು ಹೊರಟಿದ್ದರೆ ಮಾತುಕತೆ ಅಲ್ಲಿಗೇ ನಿಲ್ಲಿಸಿ. ಒಳಗಿನ ಮರ ಕೊಳೆತಿದ್ದರೆ ಎಂಜಿನ್ನು ಇಳಿಸಿಯೇ ರಿಪೇರಿ ಮಾಡಬೇಕು.

ಡ್ರೈವಿನ ತಳದ ಪ್ಲಗ್ ಬಿಚ್ಚಿ ಸ್ವಲ್ಪ ಎಣ್ಣೆ ತೆಗೆಸಿ. ಹಾಲು ಬೆರೆಸಿದ ಹಾಗಿದ್ದರೆ ಸೀಲಿನಿಂದ ನೀರು ಬರುತ್ತಿದೆ. ಪ್ಲಗ್ಗಿನ ಅಯಸ್ಕಾಂತದ ಮೇಲೆ ಬೂದುಬಣ್ಣದ ನುಣ್ಣನೆ ಲೇಪವಿದ್ದರೆ ಚಿಂತೆಯಿಲ್ಲ, ಉಗುರಿಗೆ ಸಿಗುವ ಲೋಹದ ಚೂರು ಇದ್ದರೆ ಗೇರು ಹೋಗಿದೆ. ಡ್ರೈವನ್ನು ಪೂರ್ತಿ ಮೇಲಕ್ಕೆತ್ತಿ ಬೆಲ್ಲೋಸ್ ಎಂಬ ಸುಕ್ಕುಸುಕ್ಕಿನ ರಬ್ಬರ್ ತೋಳನ್ನು ಬಿಡಿಸಿ ನೋಡಿ. ಮಡಿಕೆಯ ಸಂದಿನಲ್ಲಿ ಬಿರುಕು ಕಂಡರೆ ಬದಲಾಯಿಸಲೇಬೇಕು, ಅದು ಹರಿದರೆ ಕಟ್ಟಿಹಾಕಿದ ಬೋಟೂ ಮುಳುಗಬಹುದು.

ಎಂಜಿನ್ನಿನ ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡು, ರೈಸರುಗಳನ್ನು ಯಾವಾಗ ಬದಲಿಸಿದ್ದೆಂದು ಕೇಳಿ. ಸಮುದ್ರದ ನೀರೇ ನೇರವಾಗಿ ಹರಿಯುವ ಎರಕದ ಕಬ್ಬಿಣದ ಭಾಗಗಳಿಗೆ ಐದಾರು ವರ್ಷವೇ ಆಯುಷ್ಯ. ಒಳಗಿನಿಂದ ತೂತು ಬಿದ್ದರೆ ನೀರು ಸಿಲಿಂಡರಿಗೆ ಇಳಿಯುತ್ತದೆ. ನೀರು ಒತ್ತಿಗೆ ಕುಗ್ಗುವುದಿಲ್ಲ, ಹಾಗಾಗಿ ಸ್ಟಾರ್ಟ್ ಮಾಡಿದ ಕ್ಷಣ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡೇ ಬಾಗಬಹುದು. ಸ್ಪಾರ್ಕ್ ಪ್ಲಗ್ಗಿನ ಮೇಲೆ ತುಕ್ಕಿದ್ದರೆ ಅದೇ ಮುನ್ಸೂಚನೆ. ಪ್ಲಗ್ ಬಿಚ್ಚಿದಾಗಲೇ ಪ್ರತಿ ಸಿಲಿಂಡರಿನ ಕಂಪ್ರೆಶನ್ (ಒಳಗಿನ ಒತ್ತಡ) ಅಳೆಸಿ: ಅತಿ ಕಡಿಮೆ ಬಂದ ಸಿಲಿಂಡರು, ಅತಿ ಹೆಚ್ಚು ಬಂದದ್ದಕ್ಕಿಂತ ಶೇ. 10-15ಕ್ಕಿಂತ ಕೆಳಗಿರಬಾರದು.

ಇಷ್ಟು ದಾಟಿದರೆ ಸರ್ವೇಯರ್. ಮಾರುವವರು ಸೂಚಿಸಿದವರು ಬೇಡ. ಒಡಲಿಗೆ ಒಬ್ಬರು, ಎಂಜಿನ್ನಿಗೆ ಇನ್ನೊಬ್ಬರು ಇದ್ದರೆ ಒಳ್ಳೆಯದು. ಮುಂಗಡ ಕೊಡುವಾಗ, ಸರ್ವೆ ವರದಿ ಒಪ್ಪಿಗೆಯಾಗದಿದ್ದರೆ ಹಣ ವಾಪಸ್ ಎಂದು ಬರೆಸಿಕೊಳ್ಳಿ.

ಪ್ರಶ್ನೆ: ಓಡಿಸಿ ನೋಡುವಾಗ ಯಾವುದರ ಮೇಲೆ ಕಣ್ಣಿರಬೇಕು?

ಉತ್ತರ: ಹೋದ ಕೂಡಲೇ ಎಂಜಿನ್ನಿನ ಮೇಲೆ ಕೈಯಿಡಿ. ಆಗಲೇ ಬಿಸಿಯಾಗಿದ್ದರೆ ಇನ್ನೊಂದು ದಿನ ಬರುತ್ತೇವೆ ಎನ್ನಿ, ತಣ್ಣಗಿದ್ದಾಗ ಸ್ಟಾರ್ಟ್ ಆಗುವುದನ್ನೇ ನೋಡಬೇಕು. ನೀಲಿ ಹೊಗೆ ಎಣ್ಣೆ ಉರಿಯುವ ಗುರುತು, ಬಿಳಿ ಹಬೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ನೀರಿನ ಅನುಮಾನ. ಐಡಲ್‌ನಲ್ಲಿ ಚುಕ್ಕಾಣಿ ತಿರುಗಿಸಿದಾಗ ಹಿಂದಿನಿಂದ ಗುರ್ ಎಂದರೆ, ಎಂಜಿನ್ನಿನಿಂದ ಡ್ರೈವಿಗೆ ಹೋಗುವ ಶಾಫ್ಟನ್ನು ಹಿಡಿದಿರುವ ಗಿಂಬಲ್ ಬೇರಿಂಗ್ ಹೋಗಿದೆ. ಪೂರ್ತಿ ವೇಗದಲ್ಲಿ ತಯಾರಕರು ಹೇಳಿದ ಆರ್‌ಪಿಎಮ್ ಮುಟ್ಟಬೇಕು. ಮುಟ್ಟದಿದ್ದರೆ ಪ್ರೊಪೆಲ್ಲರ್ ಹೆಚ್ಚಿನ ಪಿಚ್‌ನದು (ರೆಕ್ಕೆಗಳ ಓರೆ ಹೆಚ್ಚು), ಅಥವಾ ತಳಕ್ಕೆ ಪಾಚಿ ಹಿಡಿದಿದೆ, ಇಲ್ಲವೇ ಎಂಜಿನ್ ಸೋತಿದೆ. ಎರಡು ಎಂಜಿನ್ ಇರುವುದರ ಅನುಕೂಲ ಇಲ್ಲಿದೆ: ಒಂದರ ಉಷ್ಣಾಂಶ, ಆಯಿಲ್ ಪ್ರೆಶರುಗಳನ್ನು ಇನ್ನೊಂದರ ಪಕ್ಕ ಇಟ್ಟು ನೋಡಬಹುದು. ಒಂದು ಮಾತ್ರ ಬಿಸಿಯೇರುತ್ತಿದ್ದರೆ ಮೊದಲ ಅನುಮಾನ ನೀರಿನ ಪಂಪಿನೊಳಗಿನ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರ್ ಮೇಲೆ. ದಡಕ್ಕೆ ಬಂದ ಮೇಲೆ ಬಿಲ್ಜ್ (ಒಡಲಿನ ಅತಿ ಕೆಳಗಿನ ಭಾಗ) ತೆರೆಸಿ, ಹೊರಡುವಾಗ ಇಲ್ಲದ ನೀರು ಈಗ ಇದೆಯೇ ನೋಡಿ.

ಪ್ರಶ್ನೆ: ನೋಡಿದ ಬೋಟಿನಲ್ಲಿ ಕಾರಿನ ಸ್ಟಾರ್ಟರ್ ಮೋಟಾರ್ ಹಾಕಿದ್ದಾರೆ. ಕೆಲಸವೇನೋ ಮಾಡುತ್ತದೆ. ಬಿಡಬಹುದೇ?

ಉತ್ತರ: ಬಿಡಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಎಂಜಿನ್ ಕೋಣೆಯ ತಳದಲ್ಲಿ ಶೇಖರವಾಗುತ್ತದೆ. ಬೋಟಿನ ಸ್ಟಾರ್ಟರ್, ಆಲ್ಟರ್ನೇಟರುಗಳನ್ನು ಒಳಗಿನ ಕಿಡಿ ಹೊರಗಿನ ಆವಿಗೆ ತಗುಲದಂತೆ ಮುಚ್ಚಿರುತ್ತಾರೆ, ಕಾರಿನವಕ್ಕೆ ಆ ರಕ್ಷಣೆ ಇರುವುದಿಲ್ಲ. ಅಲ್ಲಿ ಹೀಗೆ ದುಡ್ಡು ಉಳಿಸಿದವರು ಇಂಧನದ ಪೈಪು, ಕ್ಲಿಪ್ಪುಗಳಲ್ಲೂ ಉಳಿಸಿರಬಹುದು, ಅವನ್ನೂ ಒಂದೊಂದಾಗಿ ನೋಡಿಸಿ. ಸರಿಯಾದ ಮೋಟಾರ್ ಹಾಕಿಸಿದ ಮೇಲೂ, ಪ್ರತಿ ಸಲ ಸ್ಟಾರ್ಟ್ ಮಾಡುವ ಮುನ್ನ ಎಂಜಿನ್ ಕೋಣೆಯ ಆವಿಯನ್ನು ಹೊರಹಾಕುವ ಬ್ಲೋವರ್ ಫ್ಯಾನನ್ನು ಕನಿಷ್ಠ 4 ನಿಮಿಷ ಓಡಿಸಿ, ಹ್ಯಾಚ್ ತೆರೆದು ಮೂಸಿ ನೋಡಿ.