ಓದುಗರ ಪ್ರಶ್ನೆ: ಪದರದ ಗಡಿಯಲ್ಲಿ ಯಾವುದರ ಸರಾಸರಿ?

ಪ್ರಶ್ನೆ: ಸಿಲಿಕಾದ (ಸಿಲಿಕಾನ್ ಡೈಆಕ್ಸೈಡ್) ನಡುವೆ ಹುದುಗಿರುವ 220 ನ್ಯಾನೊಮೀಟರ್ ದಪ್ಪದ ಸಿಲಿಕಾನ್ ಪದರದಲ್ಲಿ 1550 ನ್ಯಾನೊಮೀಟರ್ ತರಂಗದೂರದ ಬೆಳಕು ಸಾಗುವ ಬಗೆಗಳನ್ನು, ಅಂದರೆ ಮೋಡ್‌ಗಳನ್ನು, ಫೈನೈಟ್ ಡಿಫರೆನ್ಸ್ ವಿಧಾನದಿಂದ (ಜಾಗವನ್ನು ಸಮ ಅಂತರದ ಚುಕ್ಕಿಗಳಾಗಿ ಒಡೆದು ಸಮೀಕರಣ ಬಿಡಿಸುವ ಕ್ರಮ) ಲೆಕ್ಕ ಹಾಕುತ್ತಿದ್ದೇನೆ. ಪದರಗಳ ಗಡಿಯನ್ನು ಎರಡು ಚುಕ್ಕಿಗಳ ಸರಿಮಧ್ಯದಲ್ಲಿ ಇರಿಸಿದ್ದೇನೆ. ಹೆಜ್ಜೆಯನ್ನು (ಚುಕ್ಕಿಗಳ ನಡುವಿನ ಅಂತರವನ್ನು) ಅರ್ಧಕ್ಕಿಳಿಸಿದಾಗ ಟಿಇ (ವಿದ್ಯುತ್ ಕ್ಷೇತ್ರ ಪದರಕ್ಕೆ ಸಮಾಂತರವಾಗಿರುವ) ಮೋಡ್‌ನ ದೋಷ ಕಾಲುಭಾಗಕ್ಕೆ ಇಳಿಯುತ್ತದೆ, ಟಿಎಂ (ಕಾಂತಕ್ಷೇತ್ರ ಪದರಕ್ಕೆ ಸಮಾಂತರವಾಗಿರುವ) ಮೋಡ್‌ನಲ್ಲಿ ಮಾತ್ರ ಅರ್ಧಕ್ಕಷ್ಟೇ ಇಳಿಯುತ್ತದೆ. ಟಿಎಂ ಸಮೀಕರಣದಲ್ಲಿ ಗಡಿಯ ಬಳಿ 1/ವ‌² ಎಂಬುದರ ಸರಾಸರಿಯನ್ನು ಬಳಸಿದ್ದೇನೆ (ವ ಎಂದರೆ ವಕ್ರೀಭವನ ಸೂಚ್ಯಂಕ). ತಪ್ಪು ಎಲ್ಲಿದೆ?
— ಎಂ.ಎಸ್ಸಿ. ವಿದ್ಯಾರ್ಥಿನಿ, ಮಾನಸಗಂಗೋತ್ರಿ, ಮೈಸೂರು

ಉತ್ತರ: ತಪ್ಪು ಆ ಸರಾಸರಿಯಲ್ಲೇ ಇದೆ. ಟಿಇಯಲ್ಲಿ ವಿದ್ಯುತ್ ಕ್ಷೇತ್ರವೂ ಅದರ ಇಳಿಜಾರೂ ಗಡಿಯನ್ನು ಮುರಿಯದೆ ದಾಟುತ್ತವೆ. ಟಿಎಂನಲ್ಲಿ ಕಾಂತಕ್ಷೇತ್ರ ಮುರಿಯುವುದಿಲ್ಲವಾದರೂ ಅದರ ಇಳಿಜಾರು ಗಡಿಯಲ್ಲಿ ಥಟ್ಟನೆ ಬದಲಾಗುತ್ತದೆ. ಮುರಿಯದೆ ಉಳಿಯುವುದು ಇಳಿಜಾರನ್ನು ವ² ಇಂದ ಭಾಗಿಸಿದಾಗ ಬರುವ ಮೊತ್ತ. ಆದ್ದರಿಂದ ಎರಡು ಚುಕ್ಕಿಗಳ ನಡುವೆ ಕ್ಷೇತ್ರ ಎಷ್ಟು ಬದಲಾಯಿತೆಂಬುದು ಆ ಸ್ಥಿರ ಮೊತ್ತವನ್ನು ವ²ದ ಸರಾಸರಿಯಿಂದ ಗುಣಿಸಿದರೆ ದೊರೆಯುತ್ತದೆ. ಮೊದಲು ವ²ದ ಸರಾಸರಿ ತೆಗೆಯಬೇಕು, ಆಮೇಲೆ ತಲೆಕೆಳಗು ಮಾಡಬೇಕು (1ನ್ನು ಅದರಿಂದ ಭಾಗಿಸಬೇಕು). ಸಿಲಿಕಾನ್‌ಗೆ 3.476, ಸಿಲಿಕಾಕ್ಕೆ 1.444 ಎಂದಿಟ್ಟುಕೊಂಡರೆ ಸರಿಯಾದ ಬೆಲೆ ಸುಮಾರು 0.141, ನಿಮ್ಮ ಕ್ರಮದಲ್ಲಿ ಅದು 0.281, ಅಂದರೆ ಬಹುತೇಕ ಎರಡರಷ್ಟು. ಈ ಒಂದು ಸಾಲನ್ನು ತಿದ್ದಿದರೆ ಟಿಎಂ ದೋಷವೂ ಕಾಲುಭಾಗದ ಲೆಕ್ಕದಲ್ಲಿ ಇಳಿಯುವುದನ್ನು ನೀವೇ ಕಾಣುವಿರಿ.

ಇಂಥ ಸರಳ ರಚನೆಗೆ ನಿಖರ ಸಮೀಕರಣವೇ ಇರುವುದರಿಂದ ಉತ್ತರವನ್ನು ಅದರೊಡನೆ ತಾಳೆ ನೋಡದೆ ಮುಂದುವರಿಯಬೇಡಿ: ಪರಿಣಾಮಕಾರಿ ಸೂಚ್ಯಂಕ (ಇಡೀ ಮೋಡ್‌ಗೆ ಅನ್ವಯಿಸುವ ವಕ್ರೀಭವನ ಸೂಚ್ಯಂಕ) ಟಿಇಗೆ ಸುಮಾರು 2.85, ಟಿಎಂಗೆ ಸುಮಾರು 2.05 ಬರಬೇಕು.

ಲೆಕ್ಕದ ಕಿಟಕಿಯನ್ನು (ಲೆಕ್ಕ ಹಾಕುವ ಪ್ರದೇಶವನ್ನು) ಎಷ್ಟು ಅಗಲ ಇಡಬೇಕೆಂಬುದನ್ನೂ ಗಮನಿಸಿ. ಮಂಡ್ಯದ ವಿಶ್ವೇಶ್ವರಯ್ಯ ನಾಲೆಯ ಏರಿಯೊಳಗೆ ಜಿನುಗಿದ ನೀರು ನಷ್ಟವೇ ಸರಿ, ಆದರೆ ಸಿಲಿಕಾದೊಳಕ್ಕೆ ಚಾಚಿದ ಬೆಳಕು ಮೋಡ್‌ನದೇ ಅಂಗ, ಅದನ್ನು ಕತ್ತರಿಸುವಂತಿಲ್ಲ. ಟಿಎಂ ಕ್ಷೇತ್ರ ಸಿಲಿಕಾದಲ್ಲಿ ಸುಮಾರು 0.17 ಮೈಕ್ರೋಮೀಟರ್‌ಗೊಮ್ಮೆ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಮಾತ್ರ ಉಳಿಯುವಂತೆ ಕುಗ್ಗುತ್ತದೆ. ಪ್ರತಿ ಬದಿಗೆ 2 ಮೈಕ್ರೋಮೀಟರ್ ಬಿಟ್ಟರೆ ಸಾಕು.

ಪದರದ ದಪ್ಪ ಸುಮಾರು 245 ನ್ಯಾನೊಮೀಟರ್ ಮುಟ್ಟುವವರೆಗೆ ಟಿಇಯಲ್ಲಾಗಲಿ ಟಿಎಂನಲ್ಲಾಗಲಿ ಎರಡನೆಯ ಮೋಡ್ ಹುಟ್ಟುವುದಿಲ್ಲ. ಆದರೂ ನಿಮ್ಮ ಪ್ರೋಗ್ರಾಂ 1.444ಕ್ಕಿಂತ ಕಡಿಮೆ ಸೂಚ್ಯಂಕದ ಹಲವು ಮೋಡ್‌ಗಳನ್ನು ಪಟ್ಟಿ ಮಾಡುತ್ತದೆ. ಅವು ಕಿಟಕಿಯ ಗೋಡೆಗಳಿಂದ ಹುಟ್ಟಿದವು. ಕಿಟಕಿಯ ಅಗಲ ಬದಲಿಸಿದರೆ ಅವುಗಳ ಬೆಲೆಯೂ ಬದಲಾಗುತ್ತದೆ.