ಓದುಗರ ಪ್ರಶ್ನೆ: ಚಳಿಗಾಲದ ದಕ್ಷಿಣ ಯುರೋಪ್, ಮೋಟರ್‌ಹೋಮ್‌ನಲ್ಲಿ

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ನೌಕರ. ಪತ್ನಿಯೂ ಈ ವರ್ಷ ಶಿಕ್ಷಕ ವೃತ್ತಿಯಿಂದ ನಿವೃತ್ತರಾಗಿದ್ದಾರೆ. ಅಡಿಕೆ ಕೊಯ್ಲನ್ನು ತಮ್ಮ ನೋಡಿಕೊಳ್ಳುವುದಾಗಿ ಹೇಳಿರುವುದರಿಂದ, ಡಿಸೆಂಬರ್ ಮಧ್ಯದಿಂದ ಆರು ವಾರ ಮೋಟರ್‌ಹೋಮ್ (ಒಳಗೇ ಮಲಗುವ, ಅಡುಗೆ ಮಾಡುವ ವ್ಯವಸ್ಥೆಯಿರುವ ವಾಹನ) ಬಾಡಿಗೆಗೆ ಪಡೆದು ಪೋರ್ಚುಗಲ್, ಸ್ಪೇನ್, ಇಟಲಿ, ಗ್ರೀಸ್ ನಾಲ್ಕನ್ನೂ ಸುತ್ತಬೇಕೆಂದಿದ್ದೇವೆ. ದಕ್ಷಿಣ ಭಾಗದಲ್ಲಿ ಚಳಿ ಕಡಿಮೆಯೆಂದು ಕೇಳಿದ್ದೇವೆ. ನಮ್ಮ ಯೋಜನೆ ಸರಿಯಿದೆಯೇ? ನಮ್ಮ ಚಾಲನಾ ಪರವಾನಗಿ ಅಲ್ಲಿ ನಡೆಯುತ್ತದೆಯೇ?
– ಓದುಗರು, ಶಿರಸಿ

ಉತ್ತರ: ಹೊರಡುವ ನಿರ್ಧಾರ ಸರಿಯಾಗಿದೆ, ಆದರೆ ನಾಲ್ಕು ದೇಶಗಳ ಯೋಜನೆಯನ್ನು ದಯವಿಟ್ಟು ಕೈಬಿಡಿ. ಲಿಸ್ಬನ್‌ನಿಂದ ಅಥೆನ್ಸ್‌ಗೆ, ಇಟಲಿಯಿಂದ ಗ್ರೀಸ್‌ವರೆಗೆ ಹಡಗು ಹಿಡಿದರೂ, ರಸ್ತೆಯ ಮೇಲೆಯೇ ಸುಮಾರು ಮೂರು ಸಾವಿರ ಕಿಲೋಮೀಟರ್ ಓಡಬೇಕಾಗುತ್ತದೆ. ಡಿಸೆಂಬರ್ ಕೊನೆಯಲ್ಲಿ ನಮ್ಮ ಕಾರವಾರದಲ್ಲಿ ಹಗಲು ಹನ್ನೊಂದು ಗಂಟೆಗೂ ಹೆಚ್ಚಿದ್ದರೆ, ದಕ್ಷಿಣ ಸ್ಪೇನಿನಲ್ಲಿ ಅದು ಒಂಬತ್ತೂವರೆ ಗಂಟೆಯ ಆಸುಪಾಸಿನಲ್ಲಿರುತ್ತದೆ. ಗುರುತಿಲ್ಲದ ಊರಿನಲ್ಲಿ, ಏಳು ಮೀಟರ್ ಉದ್ದ ಮತ್ತು ಮೂರು ಮೀಟರ್ ಎತ್ತರದ ವಾಹನವನ್ನು, ನಮಗೆ ರೂಢಿಯಿಲ್ಲದ ಬಲಬದಿಯಲ್ಲಿ ಓಡಿಸುತ್ತ ಕತ್ತಲಲ್ಲಿ ತಂಗುವ ಜಾಗ ಹುಡುಕುವುದು ಯಾರಿಗೂ ಬೇಡ.

ಇನ್ನು ಚಳಿಯ ಮಾತು. ನಕ್ಷೆಯಲ್ಲಿ ಊರು ಎಷ್ಟು ದಕ್ಷಿಣಕ್ಕಿದೆ ಎಂಬುದಕ್ಕಿಂತ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನೇ ಮೊದಲು ನೋಡಿ. ಡಿಸೆಂಬರಿನಲ್ಲಿ ಕುಮಟಾದಲ್ಲಿ ಫ್ಯಾನು ಹಾಕಿ ಮಲಗಿದವರು ದೇವಿಮನೆ ಘಾಟಿ ಹತ್ತಿ ಶಿರಸಿಗೆ ಬಂದರೆ ಕಂಬಳಿ ಹುಡುಕುತ್ತಾರೆ. ದಕ್ಷಿಣ ಸ್ಪೇನಿನ ಮಾಲಗಾದಿಂದ ಗ್ರಾನಡಾಕ್ಕೆ ಹೋಗುವುದೂ ಹಾಗೆಯೇ, ಆದರೆ ಅಲ್ಲಿನ ವ್ಯತ್ಯಾಸ ಬಹಳ ತೀಕ್ಷ್ಣ. ಕರಾವಳಿಯ ಮಾಲಗಾದಲ್ಲಿ ಜನವರಿಯ ಹಗಲು ಹದಿನಾರು-ಹದಿನೇಳು ಡಿಗ್ರಿ ಇರುವಾಗ, ಸುಮಾರು 700 ಮೀಟರ್ ಎತ್ತರದ ಗ್ರಾನಡಾದಲ್ಲಿ ರಾತ್ರಿ ಸೊನ್ನೆಯ ಹತ್ತಿರಕ್ಕೆ ಇಳಿಯುವುದು ಸಾಮಾನ್ಯ, ಮತ್ತು ಅದರ ಬೆನ್ನಿಗೆ ನಿಂತ ಸಿಯೆರಾ ನೆವಾಡಾ ಪರ್ವತದ ತುದಿ 3,479 ಮೀಟರ್. ಮ್ಯಾಡ್ರಿಡ್ ಕೂಡ ಪ್ರಸ್ಥಭೂಮಿಯ ಊರು. ಇಟಲಿಯಲ್ಲಂತೂ ಫಲಕ ಹಾಕಿದ ಹಲವು ರಸ್ತೆಗಳಲ್ಲಿ ನವೆಂಬರ್ 15ರಿಂದ ಏಪ್ರಿಲ್ 15ರವರೆಗೆ ಚಳಿಗಾಲದ ಟಯರು ಅಥವಾ ಹಿಮಸರಪಳಿ (ಹಿಮದಲ್ಲಿ ಜಾರದಂತೆ ಟಯರಿಗೆ ಸುತ್ತುವ ಸರಪಳಿ) ಕಡ್ಡಾಯ.

ಮಳೆಯ ಲೆಕ್ಕವೂ ನಮ್ಮದಕ್ಕೆ ತದ್ವಿರುದ್ಧ. ಮೆಡಿಟರೇನಿಯನ್ ಸೀಮೆಯಲ್ಲಿ ಬೇಸಿಗೆ ಒಣಗಿರುತ್ತದೆ, ಮಳೆ ಬರುವುದು ಚಳಿಗಾಲದಲ್ಲಿ. ಅಟ್ಲಾಂಟಿಕ್ ಕಡೆಯಿಂದ ಬರುವ ಬಿರುಗಾಳಿಗಳು ಪೋರ್ಚುಗಲ್ ಮತ್ತು ಕಾದಿಸ್ ಪ್ರಾಂತ್ಯವನ್ನು ಮೊದಲು ತೋಯಿಸುತ್ತವೆ. ಪೂರ್ವಕ್ಕೆ ಸರಿದಂತೆ ಮಳೆ ಕಡಿಮೆಯಾಗುತ್ತ ಹೋಗಿ, ಅಲ್ಮೆರಿಯಾದ ಕಾಬೊ ದೆ ಗಾತಾ ಕಡೆ ಇಡೀ ವರ್ಷಕ್ಕೆ ಸುಮಾರು 200 ಮಿಲಿಮೀಟರ್ ಮಾತ್ರ ಬೀಳುತ್ತದೆ. ಆದ್ದರಿಂದ ನನ್ನ ಸಲಹೆ ಇಷ್ಟು: ಪೋರ್ಚುಗಲ್ಲಿನ ಫಾರೋದಲ್ಲಿ ಆರಂಭಿಸಿ, ತವೀರಾ ಹಾಗೂ ಗ್ವಾದಿಯಾನಾ ನದಿಯ ಸೇತುವೆಯ ಮೂಲಕ ಸ್ಪೇನ್ ಸೇರಿ, ಸೆವಿಲ್, ಕಾದಿಸ್, ಮಾಲಗಾ, ಅಲ್ಮೆರಿಯಾ ಎಂದು ಪೂರ್ವಕ್ಕೆ ಬನ್ನಿ. ಸೆವಿಲ್ಲಿನ ಬೀದಿಮರಗಳಲ್ಲಿ ಆಗ ಕಿತ್ತಳೆ ತುಂಬಿರುತ್ತದೆ (ಅದು ಕಹಿ ಜಾತಿ, ಮಾರ್ಮಲೇಡಿಗೆ ಮಾತ್ರ), ಜನವರಿ ಕೊನೆಯ ವೇಳೆಗೆ ಬಾದಾಮಿ ಹೂ ಬಿಡತೊಡಗುತ್ತದೆ. ಒಂದೊಂದು ಊರಿನಲ್ಲಿ ನಾಲ್ಕೈದು ದಿನ ನಿಂತರೆ ಮಾತ್ರ ಮಳೆಯ ದಿನ ಒಳಗೆ ಕುಳಿತು, ಬಿಸಿಲಿನ ದಿನ ತಿರುಗಾಡಲು ಸಾಧ್ಯ. ಗ್ರಾನಡಾದ ಹಳೆಯ ಕೋಟೆ-ಅರಮನೆ ಅಲ್‌ಹಂಬ್ರಾವನ್ನು ನೋಡಲೇಬೇಕು. ವಾಹನವನ್ನು ಕರಾವಳಿಯಲ್ಲೇ ಬಿಟ್ಟು ಬಸ್ಸಿನಲ್ಲಿ ಹೋಗಿಬನ್ನಿ.

ಪರವಾನಗಿಯ ವಿಷಯ: ಶಿರಸಿಯ ಆರ್‌ಟಿಒ ಕಚೇರಿಯಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿಗೆ ಅರ್ಜಿ ಸಲ್ಲಿಸಿ. ಅದರ ಅವಧಿ ಹೆಚ್ಚೆಂದರೆ ಒಂದು ವರ್ಷ. ಮೂಲ ಪರವಾನಗಿಯೂ ಜೊತೆಗಿರಬೇಕು. ನಮ್ಮಲ್ಲಿ ಲಘು ವಾಹನದ ಮಿತಿ 7,500 ಕಿಲೋ ಎಂಬುದನ್ನು ನಂಬಿಕೊಂಡು ದೊಡ್ಡ ವಾಹನ ಹಿಡಿಯಬೇಡಿ, ಏಕೆಂದರೆ ಅಂತರರಾಷ್ಟ್ರೀಯ ಪರವಾನಗಿಯಲ್ಲಿ ಕಾರಿನ ವರ್ಗಕ್ಕೆ ಅನುಮತಿಯಿರುವುದು 3,500 ಕಿಲೋವರೆಗೆ, ಅದೂ ನೀರು, ಸಾಮಾನು, ಪ್ರಯಾಣಿಕರೆಲ್ಲ ಸೇರಿ. ಬಾಡಿಗೆ ಸಂಸ್ಥೆಯವರು ಚಾಲಕರ ವಯಸ್ಸಿಗೆ ಗರಿಷ್ಠ ಮಿತಿ ಇಟ್ಟಿದ್ದಾರೆಯೇ, ಗಡಿ ದಾಟಲು ಒಪ್ಪುತ್ತಾರೆಯೇ, ಬೇರೆ ಊರಿನಲ್ಲಿ ವಾಹನ ಬಿಟ್ಟರೆ ಎಷ್ಟು ಹೆಚ್ಚುವರಿ ಎಂಬ ಮೂರನ್ನೂ ಬರಹದಲ್ಲಿ ಪಡೆದುಕೊಳ್ಳಿ. ಷೆಂಗೆನ್ ವೀಸಾವನ್ನು (ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ವೀಸಾ) ಹೆಚ್ಚು ದಿನ ತಂಗುವ ದೇಶದಿಂದ, ನಿಮ್ಮ ವಿಷಯದಲ್ಲಿ ಸ್ಪೇನಿನಿಂದ, ಪಡೆಯಬೇಕು. ಪ್ರಯಾಣಕ್ಕೆ ಆರು ತಿಂಗಳ ಮೊದಲೇ ಅರ್ಜಿ ಸಲ್ಲಿಸಬಹುದು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಮೋಟರ್‌ಹೋಮ್‌ನಲ್ಲಿ ದಿನವೂ ಅನ್ನ, ಸಾರು ಮಾಡಿಕೊಳ್ಳಲು ಅನುಕೂಲವಿದೆಯೇ? ಊರಿನಿಂದ ಏನೇನು ಒಯ್ಯಬಹುದು?
– ಓದುಗರು, ಕುಮಟಾ

ಉತ್ತರ: ಅನುಕೂಲವಿದೆ. ಆದರೆ ನಿಮ್ಮ ಅಡುಗೆ ನಿಂತಿರುವುದು ಗ್ಯಾಸಿನ ಮೇಲೆ, ಮತ್ತು ಚಳಿಗಾಲದಲ್ಲಿ ಯಾವ ಗ್ಯಾಸ್ ಎಂಬುದೇ ಮುಖ್ಯ. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಸಿಲಿಂಡರ್ ತುಂಬಿದ್ದರೂ ಒಲೆ ಹೊತ್ತುವುದಿಲ್ಲ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗಿನವರೆಗೂ ಆವಿಯಾಗುತ್ತದೆ. ಹೆಚ್ಚಿನ ವಾಹನಗಳಲ್ಲಿ ಒಲೆಯಷ್ಟೇ ಅಲ್ಲ, ಹೀಟರ್ ನಡೆಯುವುದೂ ಇದರಿಂದಲೇ ಆದ್ದರಿಂದ ಪ್ರೊಪೇನ್ ಸಿಲಿಂಡರನ್ನೇ ಕೇಳಿ ಪಡೆಯಿರಿ. ದೇಶದಿಂದ ದೇಶಕ್ಕೆ ಸಿಲಿಂಡರಿನ ಬಾಯಿಯ ಅಳತೆ ಬದಲಾಗುವುದರಿಂದ, ಗಡಿ ದಾಟುವ ಮೊದಲು ಹೊಂದುವ ರೆಗ್ಯುಲೇಟರ್ ಜೊತೆಗಿರಲಿ.

ಕುಕ್ಕರಿನ ಹಬೆ ಮತ್ತು ಇಬ್ಬರ ಉಸಿರು ಸೇರಿ ಬೆಳಗಾಗುವುದರೊಳಗೆ ಕಿಟಕಿಯ ಗಾಜಿನಿಂದ ನೀರು ತೊಟ್ಟಿಕ್ಕಿ ಹಾಸಿಗೆಯ ಅಂಚು ಒದ್ದೆಯಾಗುತ್ತದೆ. ಚಾವಣಿಯ ಕಿಂಡಿಯನ್ನು ಅಡುಗೆಯ ಹೊತ್ತಿನಲ್ಲಿ ಪೂರ್ತಿ, ರಾತ್ರಿ ಬೆರಳಗಲದಷ್ಟಾದರೂ ತೆರೆದಿಡಬೇಕು. ಒಳಗೆ ಬೆಚ್ಚಗಾಗಲೆಂದು ಒಲೆ ಹಚ್ಚಿಡುವುದು ಮಾತ್ರ ಪ್ರಾಣಾಪಾಯ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದನ್ನು ಗುರುತಿಸುವ ಅಲಾರಂ ಇಲ್ಲದ ವಾಹನವನ್ನು ಒಪ್ಪಿಕೊಳ್ಳಬೇಡಿ.

ಕ್ಯಾಂಪಿಂಗ್ ತಾಣಗಳಲ್ಲಿ ಕೊಡುವ ವಿದ್ಯುತ್ತು ನಮ್ಮಲ್ಲಿಯಂತೆಯೇ 230 ವೋಲ್ಟ್. ಆದರೆ ಹಲವೆಡೆ ಮಿತಿ ಆರು ಆಂಪಿಯರ್, ಎಂದರೆ ಸುಮಾರು 1,380 ವ್ಯಾಟ್. ಎರಡು ಸಾವಿರ ವ್ಯಾಟಿನ ಇಂಡಕ್ಷನ್ ಒಲೆ ಹಚ್ಚಿದರೆ ಟ್ರಿಪ್ ಆಗುತ್ತದೆ, 750 ವ್ಯಾಟಿನ ಮಿಕ್ಸಿ ನಡೆಯುತ್ತದೆ.

ಒಯ್ಯುವ ವಸ್ತುಗಳ ಬಗ್ಗೆ ಐರೋಪ್ಯ ಒಕ್ಕೂಟದ ನಿಯಮ ಬಿಗಿಯಾಗಿದೆ. ಹಾಲಿನ ಉತ್ಪನ್ನಗಳಿಗೆ ಪ್ರವೇಶವಿಲ್ಲದ ಕಾರಣ ಮನೆಯ ತುಪ್ಪವನ್ನೂ ಪೇಢೆಯನ್ನೂ ಬಿಟ್ಟುಹೋಗಬೇಕು. ಕರಿಬೇವು, ಹಸಿ ತರಕಾರಿಗಳಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕಾಗುತ್ತದೆ. ಅದಿಲ್ಲದೆ ಒಯ್ಯಬಹುದಾದ ಹಣ್ಣುಗಳು ಐದೇ, ಅವುಗಳಲ್ಲಿ ಬಾಳೆಹಣ್ಣು, ಅನಾನಸ್ ಜೊತೆಗೆ ತೆಂಗಿನಕಾಯಿಯೂ ಇದೆ. ಸಾರಿನ ಪುಡಿ, ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಧಾರಾಳವಾಗಿ ಒಯ್ಯಿರಿ. ಅಕ್ಕಿ, ಕಡಲೆ, ತರಕಾರಿ ಅಲ್ಲಿನ ಎಲ್ಲ ಅಂಗಡಿಗಳಲ್ಲೂ ಸಿಗುತ್ತವೆ.

ಪ್ರಶ್ನೆ: ಸಮುದ್ರದ ಅಂಚಿನಲ್ಲೇ ವಾಹನ ನಿಲ್ಲಿಸಿ ರಾತ್ರಿ ಕಳೆಯಬಹುದೇ?
– ಓದುಗರು, ಕಾರವಾರ

ಉತ್ತರ: ಮರಳಿನ ಮೇಲೆ ಎಲ್ಲಿಯೂ ಕೂಡದು. ಸ್ಪೇನಿನಲ್ಲಿ ವಾಹನ ನಿಲುಗಡೆಗೆ ಅನುಮತಿಯಿರುವ ಜಾಗದಲ್ಲಿ ಒಳಗೆ ಮಲಗಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದರೆ ಕುರ್ಚಿ, ಮೇಜು ಹೊರಗಿಟ್ಟರೆ, ನೆರಳಿನ ಪರದೆ ಬಿಚ್ಚಿದರೆ ಅದು ಕ್ಯಾಂಪಿಂಗ್ ಎನಿಸಿಕೊಂಡು ದಂಡ ಬೀಳುತ್ತದೆ. ಊರೂರಿನ ನಿಯಮ ಬೇರೆಯಿರುವುದರಿಂದ ಫಲಕಗಳನ್ನು ಓದಿಯೇ ನಿಲ್ಲಿಸಿ. ಪೋರ್ಚುಗಲ್‌ನಲ್ಲಿ ಸಂರಕ್ಷಿತ ಪ್ರದೇಶಗಳಲ್ಲಿ ಗೊತ್ತುಪಡಿಸಿದ ಜಾಗ ಬಿಟ್ಟು ಬೇರೆಡೆ ರಾತ್ರಿ ತಂಗುವಂತಿಲ್ಲ. ಸಾಗ್ರೆಸ್ ಸುತ್ತಲಿನ ಸುಂದರ ಕರಾವಳಿ ಅಂಥ ಪ್ರದೇಶದೊಳಗೇ ಬರುತ್ತದೆ. ಶೌಚದ ಪೆಟ್ಟಿಗೆ ಇಬ್ಬರಿಗೆ ಎರಡು-ಮೂರು ದಿನಕ್ಕೆ ತುಂಬುತ್ತದೆ. ಅದನ್ನೂ ಪಾತ್ರೆ ತೊಳೆದ ನೀರನ್ನೂ ಅದಕ್ಕೆಂದೇ ಇರುವ ಸೇವಾ ಕೇಂದ್ರದಲ್ಲೇ ಖಾಲಿ ಮಾಡಬೇಕು, ಚರಂಡಿಗೆ ಸುರಿಯಬಾರದು.

ಸ್ಪೇನಿನ ಪೂರ್ವ ಕರಾವಳಿಯಲ್ಲಿ ರಾಂಬ್ಲಾ ಎಂದು ಕರೆಯುವ ಒಣ ಹಳ್ಳಗಳಿವೆ. ಸಮತಟ್ಟಾಗಿ, ಗಾಳಿಗೆ ಮರೆಯಾಗಿ ಕಾಣುವ ಆ ಜಾಗದಲ್ಲಿ ಒಂದು ಗಂಟೆಯೂ ವಾಹನ ನಿಲ್ಲಿಸಬೇಡಿ. ದೂರದ ಬೆಟ್ಟದಲ್ಲಿ ಮಳೆಯಾದರೆ ಇಲ್ಲಿ ಮೋಡವಿಲ್ಲದಿದ್ದರೂ ನೀರು ನುಗ್ಗಿಬರುತ್ತದೆ. 2024ರ ಅಕ್ಟೋಬರ್ 29ರಂದು ವೇಲೆನ್ಸಿಯಾ ಪ್ರಾಂತ್ಯದಲ್ಲಿ ಇಂಥ ಹಳ್ಳಗಳು ಉಕ್ಕಿ ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅಲ್ಲಿನ ಹವಾಮಾನ ಇಲಾಖೆಯಾದ ಏಮೆಟ್ ಹಳದಿ, ಕಿತ್ತಳೆ, ಕೆಂಪು ಎಂದು ಎಚ್ಚರಿಕೆ ಹೊರಡಿಸುತ್ತದೆ; ಸಂಜೆ ಜಾಗ ಗೊತ್ತುಮಾಡುವ ಮೊದಲು ಅದನ್ನು ನೋಡಿ, ಕಿತ್ತಳೆ ಅಥವಾ ಕೆಂಪು ಬಂದ ದಿನ ಹಳ್ಳದಿಂದ ದೂರದ, ಎತ್ತರದ ನೆಲದಲ್ಲಿರುವ ಕ್ಯಾಂಪಿಂಗ್ ತಾಣದಲ್ಲಿ ಹಣ ಕೊಟ್ಟೇ ಉಳಿಯಿರಿ.